ಬೆಳಕು ಕಾಣದ ಮೊಳಕೆ

ನಮ್ಮ ಬೀದಿಗೆ ಬೆಳಕು ಬರುವುದು ಐದು ದಿನಕ್ಕೊಮ್ಮೆ. ಊರಲ್ಲಿರುವುದು ಐದೇ ಬೀದಿ, ದಿನಕ್ಕೊಂದು ಬೀದಿಯ ಸರದಿ. ಉಳಿದ ನಾಲ್ಕು ದಿನ ಮಟಮಟ ಮಧ್ಯಾಹ್ನವೂ ಬುಡ್ಡಿ ದೀಪ ಹಿಡಿದುಕೊಂಡೇ ನಮ್ಮ ಓಡಾಟ. ಪಕ್ಕದ ಬೀದಿಗೆ ಹೋಗಿ ಅವರ ಬೆಳಕಿನಲ್ಲಿ ನಿಂತುಕೊಳ್ಳಬಾರದೇ ಅಂತ ನೀವು ಕೇಳುತ್ತೀರಿ, ಹೊಸಬರೆಲ್ಲ ಕೇಳುವುದೇ ಅದನ್ನು. ನಿಂತುಕೊಳ್ಳಿ, ಬೇಡ ಅಂದವರು ಯಾರು? ಕಣ್ಣಿಗೆ ಕಾಣುತ್ತದೆ, ಮೈಗೆ ಹತ್ತುವುದಿಲ್ಲ. ಒದ್ದೆ ಸೀರೆ ಒಣಗುವುದಿಲ್ಲ, ಕಾಲ ಕೆಳಗೆ ನೆರಳು ಬೀಳುವುದಿಲ್ಲ. ಅವರವರ ಬೀದಿಯ ಬೆಳಕು ಅವರವರಿಗೆ.

ನಮ್ಮ ಸರದಿಯ ದಿನ ಮನೆಯ ಸಾಮಾನೆಲ್ಲ ಬೀದಿಗೆ ಬರಬೇಕು. ಹಾಸಿಗೆ, ಹಪ್ಪಳ, ಮಕ್ಕಳು, ಕಾಯಿಲೆಯವರು, ಸತ್ತವರ ಫೋಟೋ, ಎಲ್ಲವೂ. ಬೆಳಕಿಗೆ ತೋರಿಸದೆ ಏನನ್ನಾದರೂ ಮುಚ್ಚಿಟ್ಟರೆ ಮುಂದೆ ಬೆಳಕೇ ಆ ಬೀದಿಯನ್ನು ಬಿಟ್ಟು ಹೋಗುತ್ತದೆ. ಬೇರೆ ಬೀದಿಗೆ ಸಾಗಿಸಿದರೂ ಮುಚ್ಚಿಟ್ಟ ಹಾಗೇ. ನಮ್ಮ ಅಜ್ಜಿಯ ಕಾಲದಲ್ಲಿ ಹಾಗೆ ಮೂರು ತಿಂಗಳು ಬಿಟ್ಟು ಹೋಗಿತ್ತಂತೆ. ಹಾಗಂತ ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

ನಾನು ಬೊಮ್ಮಕ್ಕ, ಈ ಬೀದಿಯ ಮೊಳಕೆ ಮನೆಯವಳು. ಕತ್ತಲೆಯ ಊರಲ್ಲಿ ಭತ್ತ ರಾಗಿ ಎಲ್ಲಿ ಬೆಳೆಯಬೇಕು? ಎರಡು ತಿಂಗಳಿಗೊಮ್ಮೆ ಲಾರಿ ಬಂದು ಉಪ್ಪು, ಬೆಲ್ಲ, ಸೀಮೆಎಣ್ಣೆ, ಮತ್ತೆ ಮುಮ್ಮೂಲೆ ಕಾಳಿನ ಮೂಟೆ ಇಳಿಸಿ ಹೋಗುತ್ತದೆ. ಬೇರೆ ಯಾವ ಕಾಳನ್ನೂ ಅದು ತಂದದ್ದಿಲ್ಲ. ಕಪ್ಪು ಸಿಪ್ಪೆ, ಮೂರು ಮೂಲೆ. ಹೊರಗಿನವರು ಇದಕ್ಕೆ ಬಕ್‌ವೀಟ್ ಅನ್ನುತ್ತಾರೆ, ಕುಟ್ಟು ಅಂತಲೂ ಅನ್ನುತ್ತಾರಂತೆ. ಏನಾದರೂ ಅಂದುಕೊಳ್ಳಲಿ. ರಾತ್ರಿ ನೆನೆಹಾಕಿ, ಬಿದಿರು ತಟ್ಟೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹರಡಿ, ಏಳು ದಿನ ನೀರು ಚಿಮುಕಿಸಿದರೆ ಬೀದಿಯವರ ಹೊಟ್ಟೆ ತುಂಬುತ್ತದೆ. ಏಳು ದಿನದಲ್ಲಿ ಪ್ರತಿ ತಟ್ಟೆಗೂ ಒಂದು ಸಲವಾದರೂ ಬೆಳಕು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೇ ತಡ ದಂಟು ಕೆಂಪಗಾಗಿ ಎಲೆ ಹಸಿರಾಗುತ್ತದೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿದ್ದೇನೆ. ಮೊಳಕೆಯ ಬಣ್ಣ ನೋಡಿದರೆ ಅದು ಎಷ್ಟು ಹೊತ್ತು ಬೆಳಕಿನಲ್ಲಿತ್ತು ಅಂತ ಹೇಳಬಲ್ಲೆ ಎಂದು ನನಗೆ ಜಂಬವಿತ್ತು.

ಕುಸುಮ ನನ್ನ ತಂಗಿಯ ಮಗಳು. ಅವಳಿಗೆ ನಾಲ್ಕು ವರ್ಷವಿದ್ದಾಗ ತಂಗಿ ತೀರಿಕೊಂಡಳು. ಆಗಿನಿಂದ ನನ್ನ ಜೊತೆಗೇ ಇದ್ದಳು. ಹತ್ತೊಂಬತ್ತು ತುಂಬಿತ್ತು. ಕೆಲಸದಲ್ಲಿ ಚುರುಕು, ಬಾಯಿ ನನಗಿಂತ ಜೋರು. ಒಂದು ದಿನ ಊಟ ಮುಗಿಸಿ ಎದ್ದವಳಿಗೆ ಇದ್ದಕ್ಕಿದ್ದಂತೆ ತುಟಿ ಊದಿತು, ಕಣ್ಣು ಮುಚ್ಚಿಹೋಯಿತು, ಗಂಟಲಿನಿಂದ ಸಿಳ್ಳೆಯಂಥ ಸದ್ದು ಬರತೊಡಗಿತು. ನಾನು ಸೆರಗು ಸಿಕ್ಕಿಸಿಕೊಂಡು ಜಿನ್ನಪ್ಪ ಮೇಷ್ಟ್ರ ಮನೆಗೆ ಓಡಿದೆ. ಹಿಂದೆ ಶಾಲೆಯಲ್ಲಿ ಸೈನ್ಸ್ ಹೇಳಿಕೊಡುತ್ತಿದ್ದವರು, ಈಗ ಬೀದಿಯ ಔಷಧಿ ಅಂಗಡಿ ಅವರದೇ. ಒಂದೇ ಒಂದು ಇಂಜೆಕ್ಷನ್ ಇತ್ತು, ಕೊಟ್ಟರು. ಅವತ್ತು ಉಳಿದುಕೊಂಡಳು.

"ಇದು ಕಾಳಿಂದ ಆಗಿರೋದು ಬೊಮ್ಮಕ್ಕ," ಅಂದರು ಮೇಷ್ಟ್ರು. "ಕಾಳೊಳಗೆ ಒಂದು ಪ್ರೋಟೀನ್ ಐತೆ. ಇವಳ ಮೈ ಅದನ್ನ ವಿಷ ಅಂತ ತಿಳ್ಕೊಂಡುಬಿಟ್ಟೈತೆ."

"ಹತ್ತೊಂಬತ್ತು ವರ್ಷ ತಿಂದಿದ್ದಾಳಲ್ಲ ಮೇಷ್ಟ್ರೇ, ಆಗೆಲ್ಲ ಗೊತ್ತಾಗಲಿಲ್ವಾ ಇವಳ ಮೈಗೆ?"

"ಮೈಗೆ ನ್ಯಾಯ ಅನ್ಯಾಯ ಏನ್ ಗೊತ್ತು ಬುಡಿ," ಅಂದರು.

ಆಮೇಲೆ ಅವರು ಹಳೇ ಪುಸ್ತಕ ತೆಗೆದು ನನಗೆ ತಿಳಿಯುವ ಹಾಗೆ ಹೇಳಿದರು. ಕಾಳಿನಲ್ಲಿರುವ ಪ್ರೋಟೀನ್ ಮೊಳಕೆಗೆ ಕಟ್ಟಿಕೊಟ್ಟ ಬುತ್ತಿ. ಕತ್ತಲೆಯಲ್ಲೇ ಬಿಟ್ಟರೆ ಮೊಳಕೆ ಆ ಬುತ್ತಿಯನ್ನು ತಿಂದು ತಿಂದು ಉದ್ದವಾಗುತ್ತದೆ, ಏಳನೆಯ ದಿನದ ಹೊತ್ತಿಗೆ ಬುತ್ತಿ ಮುಗಿದಿರುತ್ತದೆ. ಅಂಥ ಮೊಳಕೆ ಕುಸುಮಳಿಗೆ ಆಗಬಹುದು. ನಾಲ್ಕು ದಿನಕ್ಕೇ ಕಿತ್ತರೆ ಬುತ್ತಿ ಇನ್ನೂ ಉಳಿದಿರುತ್ತದೆ, ಆಗದು. ಬೆಳಕು ಕಂಡರೆ ಮೊಳಕೆ ಬೇರೆ ಅಡುಗೆ ಹೂಡುತ್ತದೆ, ಹೊಸ ಪ್ರೋಟೀನ್ ಕಟ್ಟುತ್ತದೆ, ಅದೂ ಆಗದು. ಲಾರಿ ಬರಲು ಇನ್ನೂ ನಲವತ್ತು ದಿನವಿತ್ತು. ಡ್ರೈವರ್ ಒಳ್ಳೆಯವನು, ಅಕ್ಕಿ ತಿನ್ನುವ ಊರಿಗೆ ಇವಳನ್ನು ಕರೆದುಕೊಂಡು ಹೋಗುತ್ತಾನೆ. ಅಲ್ಲಿಯವರೆಗೆ ಉಳಿಸಿಕೊಳ್ಳಬೇಕು, ಅಷ್ಟೇ.

"ಅಷ್ಟೇ ಅಂದ್ರಾ?" ಅಂದೆ. "ಏಳು ದಿನ ಪೂರ್ತಿ ಕತ್ತಲೆ. ಐದು ದಿನಕ್ಕೊಂದು ಸಲ ಬೆಳಕು ಬಂದು ಬಾಗಿಲಲ್ಲಿ ನಿಂತ್ಕೊಳುತ್ತೆ. ಎಲ್ಲಿ ಇಡಲಿ ತಟ್ಟೆನ?"

ಮೇಷ್ಟ್ರು ಪುಸ್ತಕ ಮುಚ್ಚಿದರು.

ಮುಚ್ಚಿಟ್ಟೆ. ಹೌದು, ನಾನೇ ಮುಚ್ಚಿಟ್ಟೆ. ಒಳಮನೆಯ ಮೂಲೆಯಲ್ಲಿ ತಟ್ಟೆಯಿಟ್ಟು, ಮೇಲೆ ನಮ್ಮಮ್ಮನ ಕಾಲದ ತಾಮ್ರದ ಹಂಡೆಯನ್ನು ಬೋರಲು ಹಾಕಿ, ಅದರ ಮೇಲೆ ಗೋಣಿಚೀಲ ಹೊದಿಸಿದೆ. ಕದ್ದು ಇಟ್ಟದ್ದು ಅಂತ ಕುಸುಮಳಿಗೂ ಹೇಳಲಿಲ್ಲ. ಕೇಳಿದಾಗ, ಬೀದಿಯ ಯಜಮಾನರ ಅಪ್ಪಣೆ ಆಗಿದೆ ಕಣೇ ಅಂತ ಸುಳ್ಳು ಬಿಟ್ಟೆ. ತಟ್ಟೆ ತಯಾರಾಗುವವರೆಗೆ ಬೆಲ್ಲದ ನೀರು ಕುಡಿದುಕೊಂಡು ಬಿದ್ದಿದ್ದಳು.

ನಾಲ್ಕನೆಯ ದಿನ ನಮ್ಮ ಸರದಿ. ಬೀದಿಯವರೆಲ್ಲ ಸಾಮಾನು ಹೊರಗಿಟ್ಟು, ದೀಪ ಆರಿಸಿ, ಕಾದರು. ಬೆಳಕು ಬರಲಿಲ್ಲ. ಮಧ್ಯಾಹ್ನ ದೀಪ ಮತ್ತೆ ಹಚ್ಚಿಕೊಂಡರು. ಮರುದಿನ ಪಕ್ಕದ ಬೀದಿಗೆ ಸರಿಯಾದ ಹೊತ್ತಿಗೇ ಬಂತು.

ಆಮೇಲೆ ನಮ್ಮ ಬೀದಿಯಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಬೀದಿಯ ಯಜಮಾನ ಕರಿಸಿದ್ದಪ್ಪನವರು ಮನೆ ಮನೆಗೂ ಹೋಗಿ, "ಯಾರು ಏನ್ ಮುಚ್ಚಿಟ್ಟಿದ್ದೀರಪ್ಪ, ತಂದು ಇಟ್ಟುಬುಡಿ, ನಾನೇನೂ ಕೇಳಲ್ಲ," ಅಂತ ಕೈಮುಗಿದು ಹೇಳಿದರು. ಒಬ್ಬೊಬ್ಬರೇ ತರತೊಡಗಿದರು. ಅಂಚೆಯವನು ತಲೆಯ ಮೇಲಿನ ಟೋಪನ್ ತೆಗೆದು ಜಗಲಿಯ ಮೇಲಿಟ್ಟ. ಇಪ್ಪತ್ತು ವರ್ಷದಿಂದ ಅದು ಅವನ ಸ್ವಂತ ಕೂದಲೆಂದೇ ನಾವು ತಿಳಿದಿದ್ದೆವು. ಕೊನೆಯ ಮನೆಯ ಅಜ್ಜಿ ಸೊಸೆಗೆ ಕಾಣದಂತೆ ಬಚ್ಚಿಟ್ಟ ಎಂಟು ಅಚ್ಚು ಬೆಲ್ಲ ತಂದಳು. ಹೆಂಡತಿಯ ಎದುರಿಗೇ ಒಬ್ಬ ಪೆಟ್ಟಿಗೆಯಿಂದ ಬೇರೆ ಯಾರದೋ ಕೆಂಪು ಸೀರೆ ತೆಗೆದ. ಅವತ್ತು ಆ ಮನೆಯಲ್ಲಿ ಪಾತ್ರೆಗಳು ಹಾರಾಡಿದವು. ಇನ್ನೊಂದು ಸಮಯವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ಎಲ್ಲರ ಗುಟ್ಟೂ ಬೀದಿಯಲ್ಲಿ ಬಿದ್ದಿತ್ತು, ನನ್ನದೊಂದು ಹಂಡೆಯ ಕೆಳಗೆ ಬೆಳೆಯುತ್ತಿತ್ತು. ನಾಚಿಕೆಯಾಯಿತು. ಆದರೂ ಹಂಡೆ ಎತ್ತಲಿಲ್ಲ.

ಏಳನೆಯ ದಿನ ತಟ್ಟೆ ತೆಗೆದೆ. ಮೊಳಕೆ ಬಿಳಿಹಳದಿಯಾಗಿ, ಗೇಣುದ್ದ ಬೆಳೆದು, ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಚೂರು ಚೂರೇ ತಿನ್ನಿಸಿ ಒಂದು ಗಂಟೆ ಅವಳ ಮುಖವನ್ನೇ ನೋಡುತ್ತಾ ಕೂತೆ.

"ಹಂಗೇ ನೋಡ್ತಾ ಕೂತ್ಕೊಂಡ್ರೆ ದೃಷ್ಟಿ ಆಗುತ್ತೆ ದೊಡ್ಡಮ್ಮ, ಇನ್ನೊಂದು ಹಿಡಿ ಹಾಕು," ಅಂದಳು. ಏನೂ ಆಗಲಿಲ್ಲ. ಒಲೆಯ ಹಿಂದೆ ಹೋಗಿ ಅತ್ತುಬಿಟ್ಟೆ.

ಅದೇ ದಿನ ಎದುರು ಮನೆಯ ಸಾಕಮ್ಮನಿಗೆ ಹೆಣ್ಣು ಮಗು ಹುಟ್ಟಿತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಆದ ಮಗು. ಎರಡು ದಿನ ಕಳೆದು ಮತ್ತೆ ನಮ್ಮ ಸರದಿ, ಆಗಲೂ ಬೆಳಕು ಬರಲಿಲ್ಲ. ಬೆಳಕಿಲ್ಲದ ಮೊಳಕೆ ತಿಂದು ಜನಕ್ಕೆ ಬಾಯಿ ಕೆಟ್ಟಿತು, ಗೋಡೆಯಲ್ಲಿ ಬೂಷ್ಟು ಹಿಡಿಯಿತು. ಅದಿರಲಿ, ಸಾಕಮ್ಮನ ಮಗು ಹಳದಿಗಟ್ಟತೊಡಗಿತು. ಮೊದಲು ಕಣ್ಣು, ಆಮೇಲೆ ಮುಖ, ಆಮೇಲೆ ಎದೆ. ಹಾಲು ಕುಡಿಯುವುದನ್ನೂ ಬಿಟ್ಟಿತು. ಹುಟ್ಟಿದ ಮಗುವಿಗೆ ಕಾಮಾಲೆ ಬಂದರೆ ನಮ್ಮಲ್ಲಿ ಮದ್ದು ಒಂದೇ, ಬೆಳಕಿನಲ್ಲಿ ಬರಿಮೈಲಿ ಮಲಗಿಸುವುದು. ಸಾಕಮ್ಮ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತು, "ಯಾರು ಮುಚ್ಚಿಟ್ಟವರೋ, ಅವರ ಕಾಲು ಹಿಡ್ಕೊಂತೀನಿ ಬೊಮ್ಮಕ್ಕ," ಅಂತ ಅತ್ತಳು. ನಾನು ನೀರಿನ ತಂಬಿಗೆ ಅವಳ ಮುಂದಿಟ್ಟೆ.

ಕುಸುಮ ದಡ್ಡಿಯಲ್ಲ. ಸಾಕಮ್ಮ ಹೋದ ಮೇಲೆ ನೆಟ್ಟಗೆ ಒಳಮನೆಗೆ ನಡೆದಳು, ಗೋಣಿಚೀಲ ಕಿತ್ತುಹಾಕಿದಳು.

"ಯಜಮಾನರ ಅಪ್ಪಣೆ ಅಂದ್ಯಲ್ಲ?"

"ಅಂದೆ. ಏನೀಗ?"

"ಆ ಮಗು ಸತ್ತೋದ್ರೆ ನಂಗೆ ತುತ್ತು ಇಳೀತದಾ ದೊಡ್ಡಮ್ಮ?"

"ನೀನು ಸತ್ತೋದ್ರೆ ನಂಗೆ ಇಳೀತದಾ?" ಅಂತ ಕಿರುಚಿದೆ. "ಯಾರ ಮಗುನಾದ್ರೂ ಏನಾದ್ರೂ ಆಗಲಿ, ನನಗೆ ನೀನು ಬೇಕು."

ಹಾಗಂದೆ. ಅಂದದ್ದು ನಿಜ, ಅದನ್ನೂ ಮುಚ್ಚಿಡುವುದಿಲ್ಲ. ಅವಳು ನನ್ನ ಮುಖ ನೋಡಿ, ಚಪ್ಪಲಿ ಮೆಟ್ಟಿಕೊಂಡು ಕರಿಸಿದ್ದಪ್ಪನವರ ಮನೆಗೆ ಹೋಗಿಬಿಟ್ಟಳು.

ಅರ್ಧ ಗಂಟೆಯಲ್ಲಿ ಯಜಮಾನರು, ಜಿನ್ನಪ್ಪ ಮೇಷ್ಟ್ರು ಇಬ್ಬರೂ ನಮ್ಮ ಮನೆಯಲ್ಲಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ಕರಿಸಿದ್ದಪ್ಪನವರು ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅವರು ಕೆಟ್ಟವರಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಒಂದು ಮಾತು ಕೇಳ್ತೀನಿ ಮೇಷ್ಟ್ರೇ," ಅಂದರು ಕೊನೆಗೆ. "ಇಡೀ ದಿನ ಬೆಳಕಲ್ಲಿ ಇಡಬೇಕು ಅಂತೇನೂ ಇಲ್ವಲ್ಲ. ಬೆಳಕಿಗೆ ತೋರಿಸಿದ್ರೆ ಸಾಕಲ್ವಾ? ಒಂದು ಲೋಟ ನೀರು ಕುದಿಯೋವಷ್ಟು ಹೊತ್ತು ತೋರಿಸಿ ಒಳಕ್ಕೆ ತಂದುಬುಟ್ರೆ?"

ಮೇಷ್ಟ್ರು ನನ್ನ ಕಡೆ ನೋಡಿದರು. "ಅಷ್ಟರಲ್ಲಿ ಹಸಿರಾಗ್ತದಾ ಬೊಮ್ಮಕ್ಕ?"

"ಆಗಲ್ಲ," ಅಂದೆ. ಮೂವತ್ತು ವರ್ಷದ ಅನುಭವ, ಗೊತ್ತಿಲ್ಲವೇ ನನಗೆ? "ಅರ್ಧ ದಿನವಾದ್ರೂ ಬೇಕು."

"ಹಸಿರಾಗದಿದ್ರೆ ತೊಂದರೆ ಇರಲಾರದು," ಅಂದರು ಮೇಷ್ಟ್ರು. ಪುಸ್ತಕ ಅವರ ಕಂಕುಳಲ್ಲೇ ಇತ್ತು. ತೆಗೆದು ನೋಡಲಿಲ್ಲ, ನಾನೂ ನೋಡಿ ಅನ್ನಲಿಲ್ಲ. ನಾಲ್ಕು ಜನಕ್ಕೂ ಒಂದು ದಾರಿ ಬೇಕಾಗಿತ್ತು, ಸಿಕ್ಕಿತು. ಕುಸುಮ ಎಲ್ಲರಿಗೂ ಬೆಲ್ಲದ ಪಾನಕ ಮಾಡಿ ಕೊಟ್ಟಳು.

ಮೂರನೆಯ ಸರದಿಯ ದಿನ ಅವಳಿಗಾಗಿ ಬೆಳೆಯುತ್ತಿದ್ದ ಮೂರು ತಟ್ಟೆಗಳನ್ನೂ ಬಟ್ಟೆ ಮುಚ್ಚಿ ಹೊಸಿಲ ಹತ್ತಿರ ತಂದಿಟ್ಟೆ. ಬಂತು ನೋಡಿ. ಬೀದಿಯ ಆ ತುದಿಯಿಂದ ಈ ತುದಿಗೆ, ಚಾಪೆ ಬಿಡಿಸಿದ ಹಾಗೆ ಬಂತು. ಹೆಂಗಸರು ಕೂಗಿದರು, ಗಂಡಸರು ಅತ್ತರು, ಸಾಕಮ್ಮ ಮಗುವಿನ ಬಟ್ಟೆ ಬಿಚ್ಚಿ ಕಂಬಳಿಯ ಮೇಲೆ ಮಲಗಿಸಿದಳು. ನಾನು ತಟ್ಟೆಗಳ ಬಟ್ಟೆ ಸರಿಸಿದೆ. ಒಳಗೆ ಒಲೆಯ ಮೇಲೆ ನಿಜವಾಗಿಯೂ ಒಂದು ಲೋಟ ನೀರಿಟ್ಟಿದ್ದಳು ಕುಸುಮ. ಕುದೀತು ಅಂತ ಅವಳು ಕೂಗಿದ ಕೂಡಲೇ ತಟ್ಟೆಗಳನ್ನು ಎತ್ತಿ ಒಳಗೆ ಹಂಡೆಯ ಕೆಳಗೆ ಸೇರಿಸಿದೆ.

ಎರಡು ದಿನದಲ್ಲಿ ಸಾಕಮ್ಮನ ಮಗುವಿನ ಕಣ್ಣು ಬೆಳ್ಳಗಾಯಿತು, ಹಾಲಿಗೆ ಬಾಯಿ ಹಾಕಿತು. ಅದೇ ಎರಡನೆಯ ದಿನ ಮೊದಲ ತಟ್ಟೆಗೆ ಏಳು ದಿನ ತುಂಬಿತು. ದೀಪ ಹತ್ತಿರ ಹಿಡಿದು ಒಂದೊಂದು ಎಳೆಯನ್ನೂ ನೋಡಿದೆ. ಹಸಿರು ಹೋಗಲಿ, ದಂಟಿನಲ್ಲಿ ಎಳ್ಳಷ್ಟೂ ಕೆಂಪಿರಲಿಲ್ಲ. ಹೋದ ಸಲದ್ದಕ್ಕೂ ಇದಕ್ಕೂ ಬಣ್ಣದಲ್ಲಿ, ವಾಸನೆಯಲ್ಲಿ, ರುಚಿಯಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸವಿರಲಿಲ್ಲ. ನಾನೇ ಮೊದಲು ತಿಂದು ನೋಡಿದೆ. ಉಪ್ಪು ಹಾಕಿ ಕಲಸಿ ಕೊಟ್ಟೆ.

"ಉಪ್ಪು ಕಮ್ಮಿ," ಅಂದಳು.

ಉಪ್ಪಿನ ಮರಿಗೆ ತರಲು ಎದ್ದೆ. ತಿರುಗಿ ಬರುವಷ್ಟರಲ್ಲಿ ಅವಳ ಕೈ ಗಂಟಲಿಗೆ ಹೋಗಿತ್ತು. ನನ್ನನ್ನು ನೋಡುತ್ತಿದ್ದಳು. ಏನೋ ಹೇಳಬೇಕು ಅಂತ ಬಾಯಿ ತೆರೆದಳು, ಸದ್ದು ಬರಲಿಲ್ಲ. ಮೇಷ್ಟ್ರಿಗೆ ಕೂಗಿದೆ, ಎದುರು ಮನೆಗೆ ಕೂಗಿದೆ, ದೇವರಿಗೆ ಕೂಗಿದೆ. ಇಂಜೆಕ್ಷನ್ ಎಲ್ಲಿತ್ತು? ಅದು ಲಾರಿಯಲ್ಲಿ ಬರಬೇಕಿತ್ತು. ಮೇಷ್ಟ್ರು ಓಡಿ ಬರುವ ಹೊತ್ತಿಗೆ ನನ್ನ ತೊಡೆಯ ಮೇಲೆ ಅವಳ ತಲೆ ಭಾರವಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಜಿನ್ನಪ್ಪ ಮೇಷ್ಟ್ರು ಪುಸ್ತಕ ಹಿಡಿದುಕೊಂಡು ಬಂದರು. ಜಗಲಿಯ ಕೆಳಗೇ ನಿಂತರು, ಮೇಲೆ ಹತ್ತಲಿಲ್ಲ. "ಬಣ್ಣ ತಡವಾಗಿ ಬರ್ತದಂತೆ ಬೊಮ್ಮಕ್ಕ," ಅಂದರು. "ಹೊಸ ಪ್ರೋಟೀನ್ ಕಟ್ಟೋದು ಬೆಳಕು ತಾಗಿದ ಗಳಿಗೆಗೇ ಶುರುವಾಗಿಬಿಡ್ತದಂತೆ. ಆಮೇಲೆ ಕತ್ತಲೆಗೆ ಇಟ್ಟರೂ ನಿಲ್ಲಲ್ವಂತೆ. ಇಲ್ಲೇ ಬರ್ದವ್ರೆ. ಇದೇ ಪುಟದಲ್ಲಿ." ಅವರಿಗೆ ಎಪ್ಪತ್ತಾಗಿತ್ತು, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನನಗೆ ಅವರನ್ನು ಸಮಾಧಾನ ಮಾಡಲು ಮನಸ್ಸಾಗಲಿಲ್ಲ. ಹೋಗಿ ಮೇಷ್ಟ್ರೇ ಅಂದು ಬಾಗಿಲು ಹಾಕಿಕೊಂಡೆ.

ಮುಂದಿನ ಎರಡು ಸರದಿಯೂ ಬೆಳಕು ತಪ್ಪದೆ ಬಂತು. ನಾನು ಹೊರಗೆ ಹೋಗಲಿಲ್ಲ, ಬೀದಿಯ ಹೆಂಗಸರೇ ಬಂದು ಮನೆಯ ಸಾಮಾನನ್ನೆಲ್ಲ ಹೊರಗಿಟ್ಟು, ಸಂಜೆ ಒಳಗಿಟ್ಟು ಹೋದರು. ಹಂಡೆ ತೊಳೆದು ಬೋರಲು ಹಾಕಿದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಆ ಹುಡುಗಿ ತನ್ನ ತಟ್ಟೆ ಹೊರಗಿಟ್ಟು ಬೀದಿಗೆ ಬೆಳಕು ತಂದಳು, ಮಗುವಿಗೆ ಜೀವ ಕೊಟ್ಟಳು. ನನಗೂ ಅದೊಂದೇ ಸಮಾಧಾನವಾಗಿತ್ತು. ಸುಮ್ಮನೆ ಹೋಗಲಿಲ್ಲ, ಒಂದಕ್ಕೆ ಬದಲಾಗಿ ಒಂದು ಉಳಿಯಿತು ಅಂತ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿಕೊಳ್ಳುತ್ತಿದ್ದೆ. ಸಾಕಮ್ಮ ನಾಮಕರಣವನ್ನು ನಮ್ಮ ಸೂತಕ ಕಳೆಯುವವರೆಗೆ ಮುಂದಕ್ಕೆ ಹಾಕಿದಳು. ಮಗುವಿಗೆ ಕುಸುಮಳ ಹೆಸರನ್ನೇ ಇಡುತ್ತಾಳಂತೆ, ಕಿವಿಯಲ್ಲಿ ಹೆಸರು ಹೇಳಲು ನಾನೇ ಬರಬೇಕಂತೆ. ಆರನೆಯ ಸರದಿಯ ದಿನ, ಬೆಳಕಿನಲ್ಲೇ ತೊಟ್ಟಿಲು ಕಟ್ಟುವುದು ಅಂತ ಗೊತ್ತುಮಾಡಿದರು.

ಅದಕ್ಕೆ ಮೂರು ದಿನ ಮುಂಚೆ ನಾನೊಂದು ಕೆಲಸ ಮಾಡಿದೆ. ಹಿಡಿಯಷ್ಟು ಕಾಳು ನೆನೆಹಾಕಿದೆ. ತಟ್ಟೆಯಲ್ಲಿ ಹರಡಿ ಹಂಡೆಯ ಕೆಳಗಿಟ್ಟೆ. ಯಾರು ತಿನ್ನಲಿ ಅಂತಲ್ಲ, ತಿನ್ನುವವರು ಯಾರೂ ಇರಲಿಲ್ಲ. ಬೆಳಕು ಬರಬಾರದು ಅಂತ. ಹೌದು, ಸಾಕಮ್ಮನ ಮನೆಯ ಶುಭಕಾರ್ಯದ ದಿನವೇ ಬೀದಿ ಕತ್ತಲಾಗಲಿ ಅಂತ ದೇವರಿಗೆ ಕೈಮುಗಿದೆ. ಒಂದು ತಟ್ಟೆ ಮುಚ್ಚಿಟ್ಟರೆ ಬೆಳಕು ಬರುವುದಿಲ್ಲ ಅನ್ನುವುದು ನನ್ನ ಕಣ್ಣಾರೆ ಕಾಣಬೇಕಾಗಿತ್ತು. ಆಗ ಅವಳು ಹೋದದ್ದಕ್ಕೊಂದು ಕಾರಣ ಇರುತ್ತಿತ್ತು. ಎಲ್ಲರ ಕೈಲೂ ಬೈಸಿಕೊಳ್ಳಲು ತಯಾರಾಗಿ, ಹಂಡೆಯೊಂದನ್ನು ಬಿಟ್ಟು ಉಳಿದ ಸಾಮಾನನ್ನೆಲ್ಲ ನಾನೇ ಹೊರಗಿಟ್ಟು, ಒಳ್ಳೆಯ ಸೀರೆ ಉಟ್ಟುಕೊಂಡು, ಆ ದಿನ ಬೆಳಿಗ್ಗೆ ಜಗಲಿಯ ಮೇಲೆ ಕೂತೆ.

ಬೆಳಕು ಬಂತು. ಯಾವತ್ತಿನ ಹೊತ್ತಿಗೇ ಬಂತು, ಯಾವತ್ತಿಗಿಂತ ಚೆನ್ನಾಗಿ ಬಂತು. ನನ್ನ ಮಡಿಲಲ್ಲಿ ಬಿತ್ತು, ತೆರೆದ ಬಾಗಿಲಿನಿಂದ ಒಳಗೆ ಹೋಗಿ ಹಂಡೆಯ ಹೊಟ್ಟೆಯ ಮೇಲೂ ಬಿತ್ತು. ತಾಮ್ರ ಥಳಥಳ ಹೊಳೆಯಿತು. ಒಳಗಿದ್ದ ತಟ್ಟೆಯ ಗೊಡವೆಯೇ ಅದಕ್ಕಿರಲಿಲ್ಲ.

ಅಲ್ಲೇ ಕೂತಿದ್ದೆ. ಸಾಕಮ್ಮ ಬಂದು ಕೈಹಿಡಿದು ಎಬ್ಬಿಸಿದಳು. ಬೀದಿಯ ಮಧ್ಯೆ ತೊಟ್ಟಿಲು ಕಟ್ಟಿದ್ದರು, ಜನ ಕೂಡಿದ್ದರು. ಕರಿಸಿದ್ದಪ್ಪನವರು ನನ್ನನ್ನು ಕಂಡು ಎದ್ದು ನಿಂತು ಕೈಮುಗಿದರು. ದೂರದಲ್ಲಿ ಜಿನ್ನಪ್ಪ ಮೇಷ್ಟ್ರು ತಲೆತಗ್ಗಿಸಿ ಕೂತಿದ್ದರು.

"ನಿಮ್ಮ ಕುಸುಮನೇ ನಮ್ಮನೆಗೆ ಬಂದವ್ಳೆ ಅಂತ ತಿಳ್ಕೊಳಿ ಬೊಮ್ಮಕ್ಕ," ಅಂದಳು ಸಾಕಮ್ಮ. "ಅವಳು ತಟ್ಟೆ ಹೊರಗೆ ಇಡದೆ ಇದ್ದಿದ್ರೆ ಇದೆಲ್ಲಿತ್ತು?"

ಮಗುವನ್ನು ನನ್ನ ಕೈಗಿಟ್ಟಳು. ಹಾಲಿನ ವಾಸನೆ, ಎಣ್ಣೆಯ ವಾಸನೆ. ಒಂದು ಮಾತು ಆಡಿದ್ದರೆ ಸಾಕಾಗಿತ್ತು, ತೊಟ್ಟಿಲ ಸುತ್ತ ನಿಂತಿದ್ದ ಅಷ್ಟೂ ಜನರ ಮುಖ ಕಪ್ಪಿಡುತ್ತಿತ್ತು. ಆಡಬೇಕು ಅನ್ನಿಸಿತು. ಮಗು ನನ್ನ ಬೆರಳು ಹಿಡಿದುಕೊಂಡಿತು. ನಾನು ಬಗ್ಗಿ ಅದರ ಕಿವಿಗೆ ಬಾಯಿಟ್ಟು, ಕುಸುಮ, ಕುಸುಮ, ಕುಸುಮ ಅಂತ ಮೂರು ಸಲ ಹೆಸರು ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಒಳಗೆ ಒಂದು ತಟ್ಟೆ ಇದೆ ಕಂದ, ಬೆಳಕಿಗೆ ತೋರಿಸಿಲ್ಲ. ಆದರೂ ಬಂತು. ಅವಳು ಹೊರಗಿಡದಿದ್ದರೂ ಬರುತ್ತಿತ್ತು, ನೀನು ಉಳಿಯುತ್ತಿದ್ದೆ, ಅವಳೂ ಉಳಿಯುತ್ತಿದ್ದಳು, ಲಾರಿ ಬರಲು ಇನ್ನು ಹನ್ನೊಂದೇ ದಿನ.

"ಎಷ್ಟೊತ್ತು ಹೇಳ್ತೀರಿ ಬೊಮ್ಮಕ್ಕ," ಅಂತ ಯಾರೋ ಹೆಂಗಸು ನಕ್ಕಳು, "ಹೆಸರು ಅಷ್ಟುದ್ದ ಇಟ್ಟುಬುಟ್ರಾ?"

ಎಲ್ಲರೂ ನಕ್ಕರು. ನಾನು ಮಗುವನ್ನು ಸಾಕಮ್ಮನ ಕೈಗೆ ಕೊಟ್ಟೆ.